ಏಳರಿಂದ ಹತ್ತರ ತನಕ

"ಹಂದಿ ಹಡದಂಗ ಹಡೀತೀರಿ. ಹಡದ ಮ್ಯಾಲ ಸಾಲಿಗಿ ಹಚ್ಚಾಕ ಯಾರ ಬರಬೇಕು, ನಾನ?"

ಗ್ರಾಮಸಭೆಯ ಮೈಕಿನಲ್ಲಿ ಸುಜಯ ಮಾಲಕರು ಕೇಳಿದರು. ಕೇಳಿದ್ದು ನಮ್ಮನ್ನು, ಅವರದೇ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುವ ಹನ್ನೆರಡು ಹೆಂಗಸರನ್ನು. ಮೂರು ವರ್ಷ ದಾಟಿದ ಮಕ್ಕಳು ಅಂಗನವಾಡಿಗೆ ಬರಲೇಬೇಕೆಂದು ಸರಕಾರ ಕಾಯಿದೆ ಮಾಡಬೇಕು, ಕಳಿಸದ ತಾಯಂದಿರ ರೇಷನ್ ನಿಲ್ಲಿಸಬೇಕು ಎಂಬುದು ಅಂದಿನ ಠರಾವು. ಮಾಲಕರ ಮೊಮ್ಮಗ ಕಾರಿನಲ್ಲಿ ನಿಪ್ಪಾಣಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಹೀಗಾಗಿ ಅಂಗನವಾಡಿಯ ಬಗ್ಗೆ ಅವರಿಗೆ ಬಹಳ ಗೊತ್ತು.

ನಮಗೆ ಅರ್ಧ ದಿನದ ಹಾಜರಿ ಕೊಟ್ಟು ಸಭೆಗೆ ಕರೆತಂದಿದ್ದರು. ಕೈ ಎತ್ತಲು.

ಗಿರಿಜವ್ವ ಮಾತ್ರ ಎದ್ದು ನಿಂತಳು. ಅವಳ ಮಗಳು ಸೌಂದರ್ಯಾಳಿಗೆ ನಾಲ್ಕು ವರ್ಷ. ದಿನವಿಡೀ ತಾಯಿಯ ಪಕ್ಕ ತಂಬಾಕಿನ ಧೂಳಿನಲ್ಲಿ ಕೂತು ಮುದುಕಿಯ ಹಾಗೆ ಕೆಮ್ಮುತ್ತಾಳೆ. ಇನ್ನೊಂದು ವರ್ಷ ಹೀಗೇ ಇಟ್ಟರೆ ಕೂಸಿನ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಕಾಯಿದೆ ಚಲೋನ ಐತ್ರಿ ಮಾಲಕ್ರ. ವಖಾರಿ ಗೇಟ ಏಳಕ್ಕ ಹಾಕ್ತೀರಿ. ಅಂಗನವಾಡಿ ಹತ್ತಕ್ಕ ತಗೀತೈತಿ. ನಡುವ ಹೋಗಿ ಬಿಟ್ಟ ಬರತೀನಂದ್ರ ಬಿಡೂದಿಲ್ಲ. ಆ ಮೂರ ತಾಸ ಕೂಸಿನ್ನ ಎಲ್ಲಿ ಇಡ್ಲಿ?"

ಮಾಲಕರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದರು. "ನಮ್ಮ ಮನಿ ಪಡಸಾಲ್ಯಾಗ ಇಡ."

ಸಭೆ ನಕ್ಕಿತು. ಪಿಡಿಒ ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಠರಾವು ಸರ್ವಾನುಮತದಿಂದ ಪಾಸಾಯಿತು. ನಾನೂ ಕೈ ಎತ್ತಿದೆ. ಬಿ.ಎ. ಓದಿದ ಕೈ; ಉಳಿದ ಕೈಗಳಷ್ಟೇ ಬೇಗ ಎದ್ದಿತು.

ಮರುದಿನ ನಸುಕಿನಲ್ಲಿ ಗಿರಿಜವ್ವ ನಮ್ಮೆಲ್ಲರ ಬಾಗಿಲು ಬಡಿದಳು. ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರು ಬಡಿದು, ಒಂಬತ್ತು ಮಕ್ಕಳೊಂದಿಗೆ ಮಾಲಕರ ಮನೆಗೆ ಹೋದೆವು. ಮೈಮುನಾ ತನ್ನ ಫರಹೀನಳನ್ನು ಸೊಂಟದಿಂದ ಇಳಿಸಿ ಪಡಸಾಲೆಯ ಗ್ರಾನೈಟಿನ ಮೇಲೆ ಮೊದಲು ಕೂರಿಸಿದಳು. ಉಳಿದವು ಸಾಲಾಗಿ ಕೂತವು.

ಮಾಲಕರು ಹಲ್ಲುಜ್ಜುತ್ತ ಹೊರಗೆ ಬಂದರು. "ರಂಡೇರ್ಯಾ, ಏನ ಹಚ್ಚೀರಿ ಇದು?"

"ನಿನ್ನಿ ನೀವ ಹೇಳಿದ್ರೆಲ್ರಿ," ಅಂದಳು ಗಿರಿಜವ್ವ. "ಹತ್ತಕ್ಕ ಅಂಗನವಾಡಿಗಿ ಮುಟ್ಟಸ್ರಿ. ಇಲ್ಲಂದ್ರ ನಿಮ್ಮ ರೇಷನ್ ನಿಲ್ತೈತಿ."

ಪೇಸ್ಟಿನ ನೊರೆ ಬನಿಯನ್ ಮೇಲೆ ಇಳಿಯಿತು. ಒಬ್ಬಳೂ ಇನ್ನು ವಖಾರಿಗೆ ಕಾಲಿಡಬಾರದು ಎಂದು ಮಾಲಕರು ಕೂಗಾಡಿದರು. ಆದರೂ ಯಾರೂ ಮಗುವನ್ನು ಎತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಮಕ್ಕಳು ತಮಗೆ ಗೊತ್ತಿದ್ದ ಒಂದೇ ಆಟ ಹೂಡಿದ್ದವು. ಹೂಕುಂಡದ ಒಣಮಣ್ಣನ್ನು ಅಲ್ಲೇ ಮೂಲೆಯಲ್ಲಿದ್ದ ತೂತಿನ ಬುಟ್ಟಿಗೆ ಸುರಿದು, ಇಬ್ಬಿಬ್ಬರು ಹಿಡಿದು ಜರಡಿಯಾಡುತ್ತಿದ್ದವು. ಪಡಸಾಲೆಯ ತುಂಬ ಧೂಳೆದ್ದಿತು. ಮಾಲಕರು ಸೀನಿದರು. ಬೈಯಲು ಬಾಯಿ ತೆರೆದು ಮತ್ತೆ ಸೀನಿದರು.

ಸೌಂದರ್ಯಾ ಬುಟ್ಟಿಯಿಂದ ತಲೆ ಎತ್ತದೆಯೇ ಅಂದಳು.

"ಮೂಗಿಗಿ ಅರಿವಿ ಕಟ್ಟಗೋರಿ ಕಾಕಾ. ನಾಕ ದಿನಕ್ಕ ರೂಢಿ ಆಗತೈತಿ."