ಸರಸ್ವತಮ್ಮನ ಕೈ

ಬಳೆ ಏರುತ್ತಿರಲಿಲ್ಲ. ಮಂಗಳಮ್ಮ ಸೋಪಿನ ನೊರೆ ಹಚ್ಚಿ, ತಮ್ಮನ ಹೆಂಡತಿ ಸರಸ್ವತಮ್ಮನ ಅರಿಸಿನ ಬಳಿದ, ತಣ್ಣಗಾದ ಕೈಯನ್ನು ಹಿಂಡುತ್ತಿದ್ದಳು.

"ಬ್ಯಾಡ ಬುಡಿ ಅತ್ತೆ," ಎಂದಳು ಮಗಳು ಅಂಜನಾ. "ಅವ್ವ ಬಳೆ ತೊಡ್ತಿರ್ನಿಲ್ಲ."

"ಬದುಕಿದ್ದಾಗ ತೊಡ್ನಿಲ್ಲ, ಸರಿ. ಮುತ್ತೈದೆ ಕಣವ್ವ, ಬರಿಗೈಲಿ ಕಳ್ಸುದ್ರೆ ಊರೋರು ಏನಂದಾರು? ನಿಂಗೂ ಒಳ್ಳೇದಲ್ಲ."

ಅಂಜನಾ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದಳು. ದೇವಣ್ಣ ಬಳೆಗಳನ್ನೇ ನೋಡುತ್ತಿದ್ದ. ಪ್ರತಿ ಗೌರಿಹಬ್ಬಕ್ಕೂ ಹಸಿರು ಬಳೆ ತಂದು, ಬೇಡ ಅನ್ನಿಸಿಕೊಂಡ ಗಂಡ ಅವನು. ಈಗ ಬೇಡ ಅನ್ನುವವಳೇ ಇಲ್ಲ. ಆಸೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದೂ ಇಲ್ಲ. ಹಾಗೆ ಅನ್ನಿಸಿದ್ದೇ ಅವನು ಬಳೆಗಳಿಂದ ಕಣ್ಣು ಕಿತ್ತುಕೊಂಡ.

*

ಕೊಳ್ಳೇಗಾಲದ ನೇಕಾರರ ಮನೆ ಸೊಸೆ ಸರಸ್ವತಮ್ಮ ದಿನಾ ಬಸ್ಸು ಹತ್ತಿ ಮೈಸೂರಿನ ಲ್ಯಾಬಿಗೆ ಹೋಗುತ್ತಿದ್ದಳು. ಆಕಾಶದಿಂದ ಬೀಳುವ, ಕಣ್ಣಿಗೆ ಕಾಣದ ಕಣಗಳನ್ನು ಹಿಡಿಯುವ ಪೆಟ್ಟಿಗೆಗಳು ಅಲ್ಲಿದ್ದವು. ಅವಕ್ಕೆ ಕೂದಲಿಗಿಂತ ಸಣ್ಣ ತಂತಿ ಬಿಗಿಯುವುದು, ಎರಡು ಸಾವಿರ ವೋಲ್ಟ್ ಕೊಟ್ಟು ಎಷ್ಟು ಕರೆಂಟು ಸೋರುತ್ತದೆಂದು ಅಳೆಯುವುದು ಅವಳ ಕೆಲಸ. ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕ ಅದು.

ಒಂದು ಗೌರಿಹಬ್ಬದ ಮಾರನೆಯ ದಿನ ಹೊಸ ಪೆಟ್ಟಿಗೆ ಸೋರತೊಡಗಿತು. ಬಿಚ್ಚಿ ನೋಡಿದರೆ ತಂತಿ ಹಿಡಿದಿರುವ ಪಟ್ಟಿಯ ಮೇಲೆ ಅರಿಸಿನದ ಬೆರಳಚ್ಚು. ಗ್ಲೌಸ್ ಹಾಕುವ ಮುಂಚೆ ಅವಳೇ ಮುಟ್ಟಿದ್ದಳು. ಒರೆಸಲು ಹೋದಾಗ ಬಳೆ ತಾಗಿ ತಂತಿಯೂ ಹರಿಯಿತು. ಸಂಜೆ ಮನೆಗೆ ಬಂದವಳು ಬಳೆ ತೆಗೆದಿಟ್ಟಳು.

"ರಜಾ ದಿನ್ವಾದ್ರೂ ಆಕ್ಕೋ ಸರಸಾ," ಎಂದ ದೇವಣ್ಣ. "ಜನ ನನ್ನೇ ಸತ್ತೋನು ಅನ್ಕಂಡಾರು."

ಅವಳು ನಕ್ಕಳು. "ರಜ ಅಂತ ಆಕಂಡ್ರೆ ಮಾರ್ನೆ ದಿನ ಮರ್ತು ಅಂಗೇ ಓಗ್ಬುಡ್ತೀನಿ. ಆ ಕೆಲ್ಸ ಅಂದ್ರೆ ನಂಗೆ ಪ್ರಾಣ ಕಣ್ರಿ. ನೀವಿದ್ದೀರಿ ಅಂತ ತೋರ್ಸಕ್ಕೆ ಗಾಜು ಬೇಕಾ?"

ಮುಂದಿನ ವರ್ಷವೂ ಅವನು ಬಳೆ ತಂದ.

*

ಒಂದು ಬಳೆ ಕೊನೆಗೂ ಗೆಣ್ಣು ದಾಟಿತು.

"ಬುಡಕ್ಕಾ," ಎಂದ ದೇವಣ್ಣ. ಒಳಗೆ ಬಂದು ಕೂತು, ಆ ಬಳೆಯನ್ನು ಮೆಲ್ಲಗೆ ಹಿಂದಕ್ಕೆಳೆದು, ಒದ್ದೆ ಟವೆಲಿನಿಂದ ಹೆಂಡತಿಯ ಕೈ ಒರೆಸಿದ. ನೊರೆ ಹೋಯಿತು, ಅರಿಸಿನವೂ ಹೋಯಿತು. ಬೆರಳಿನ ಸಂದಿಗಳನ್ನೂ ಅವನು ಬಿಡಲಿಲ್ಲ.

"ಉಚ್ಚಾ ನಿಂಗೆ?" ಎಂದಳು ಮಂಗಳಮ್ಮ. "ಮುತ್ತೈದೆ ಎಸ್ರಲ್ಲಿ ತಂದ ಬಳೆ ವಾಪಸ್ ಓಗಬಾರ್ದು ಕಣ್ಲಾ. ಯಾರಾದ್ರೂ ತೊಡ್ಲೇಬೇಕು."

"ಕೊಡಿಲ್ಲಿ." ದೇವಣ್ಣ ಬಳೆಗಳನ್ನು ಇಸಿದುಕೊಂಡು ತನ್ನ ಬಲಗೈಗೇ ಏರಿಸತೊಡಗಿದ.

ಎರಡು ಬಳೆ ಅವನ ಗೆಣ್ಣಿಗೆ ಸಿಕ್ಕಿ ಒಡೆದವು, ರಕ್ತ ಬಂತು. ಮಗ್ಗ ನೇಯ್ದು ಸವೆದ ಸಣಕಲು ಕೈ, ಉಳಿದವು ಏರಿದವು. ಮಂಗಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಬೀದಿಯಲ್ಲಿ ಚಟ್ಟಕ್ಕೆ ಮುಂದಿನ ಹೆಗಲು ದೇವಣ್ಣನದೇ. ಬಿದಿರು ಹಿಡಿಯಲು ಬಲಗೈ ಎತ್ತಿದಾಗ ಶರ್ಟಿನ ತೋಳು ಜಾರಿ, ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬಾಗಿಲುಗಳಲ್ಲಿ ನಿಂತಿದ್ದ ನೇಕಾರರೆಲ್ಲ ಅವನ ಕೈಯನ್ನೇ ನೋಡಿದರು. ಅವನು ತೋಳನ್ನು ಕೆಳಕ್ಕೆ ಎಳೆದುಕೊಳ್ಳಲಿಲ್ಲ.