ಎರಡನೇ ಟ್ಯಾಂಕು

"ಆ ತಾಮ್ರದ ತಗಡು ಈ ಹೊಸ ಟ್ಯಾಂಕಿಗೆ ಬಡಿಯೋ ಹಾಗಿಲ್ಲ ಮಾವ," ಎಂದು ಆಂಜಿನಮ್ಮ ದೋಣಿಯೊಳಗಿಂದಲೇ ಹೇಳಿದಳು.

ಕೆರೆ ಏರಿಯ ಮೇಲೆ ನಿಂತಿದ್ದ ಕದಿರಪ್ಪನ ಕೈಯಲ್ಲಿ ಪೂಜೆ ಮಾಡಿಸಿ ತಂದ ತಗಡಿತ್ತು. ನಂಗಲಿಯ ಹೆದ್ದಾರಿ ಪಕ್ಕದ ಅವನ ಶೆಡ್ಡಿನಲ್ಲಿ ತಯಾರಾದ ಯಾವ ಕಬ್ಬಿಣದ ಲಾರಿ ಟ್ಯಾಂಕೂ ತಳಕ್ಕೆ ಅಂಥದೊಂದನ್ನು ಬಡಿಸಿಕೊಳ್ಳದೆ ರಸ್ತೆ ಕಂಡದ್ದಿಲ್ಲ. ಎಂಬತ್ತೆರಡರಲ್ಲಿ ಮೀನು ಹಿಡಿಯುವ ಪೆದ್ದಪ್ಪ ತನ್ನ ಈ ಮೋಟಾರು ದೋಣಿಗೆ ಅಲ್ಯೂಮಿನಿಯಂ ಟ್ಯಾಂಕು ಮಾಡಿಸಿದಾಗಲೂ ಕದಿರಪ್ಪ ತನ್ನ ಪದ್ಧತಿ ಬಿಡಲಿಲ್ಲ. ವರ್ಷ ತುಂಬುವ ಮೊದಲೇ ಅದು ಸೋರಿತು. ಪೆಟ್ರೋಲಿಗೆ ಕಿಡಿ ತಾಗಿ ಪೆದ್ದಪ್ಪನ ಕಾಲು ಮೊಣಕಾಲಿನವರೆಗೆ ಬೆಂದುಹೋಯಿತು.

ತಪ್ಪು ಯಾರದು? ಇನ್ಯಾರದು, ಸೊಸೆಯದು! ಶೆಡ್ಡಿನ ಕೆಲಸಕ್ಕೆ ಕೈಜೋಡಿಸುತ್ತಿದ್ದ ಆಂಜಿನಮ್ಮ ಹೊರಗಾದ ದಿನ ಟ್ಯಾಂಕನ್ನು ಮುಟ್ಟಿದ್ದಳಂತೆ. ಕದಿರಪ್ಪ ಅದನ್ನು ಊರೆಲ್ಲ ಸಾರಿದ. ಅಂದಿನಿಂದ ಬಾವಿಕಟ್ಟೆಯಲ್ಲಿ ಅವಳು ಪೆದ್ದಪ್ಪನ ಕಾಲು ಸುಟ್ಟವಳಾದಳು.

ಈಗ ಅವಳು ಮಸಿ ಹಿಡಿದ ಹಳೆಯ ಟ್ಯಾಂಕನ್ನು ಎಲ್ಲರೆದುರು ಬೋರಲು ಹಾಕಿದಳು. ತಾಮ್ರದ ತಗಡಿನ ಸುತ್ತ ಮಾತ್ರ ಅದು ಜರಡಿಯಾಗಿತ್ತು.

"ಟ್ಯಾಂಕೆಲ್ಲಾ ನಾನೇ ಉಜ್ಜಿದ್ದು ಮಾವ. ನನ್ನ ಮೈಲಿಗೆ ಈ ತಗಡನ್ನೇ ಹುಡುಕ್ಕೊಂಡು ಹೋಗಿ ಕೂತ್ಕೊಂತಾ?"

"ದೇವರ ವಿಷಯ ಕಣಮ್ಮೀ, ಬಾಯಿ ಮುಚ್ಚು!"

"ದೇವರನ್ನ ಬೇರೆ ಕಡೆ ಕೂರಿಸಿ. ನೀರಿನ ತೇವದಲ್ಲಿ ತಾಮ್ರ ಅಲ್ಯೂಮಿನಿಯಮ್ಮನ್ನ ತಿಂದ್ಹಾಕುತ್ತೆ."

ಮಾತನಾಡುತ್ತಲೇ ಅವಳು ದೋಣಿಯ ಅಡ್ಡಪಟ್ಟಿಗಳ ಮೇಲೆ ಲಾರಿ ಟ್ಯೂಬಿನ ರಬ್ಬರು ಹಾಸಿ, ಅದರ ಮೇಲೆ ಹೊಸ ಟ್ಯಾಂಕನ್ನು ಕೂರಿಸಿದಳು. ಕೆಳಗೆ ನೀರು ನಿಲ್ಲದೆ ಹರಿದುಹೋಗುವಷ್ಟು ಸಂದು ಬಿಟ್ಟಳು. ಬೋಲ್ಟು ಬಿಗಿದು ಎದ್ದು ನಿಂತಳು.

"ಇನ್ನೊಂದು ಮಾತು. ಇವತ್ತೂ ನಾನು ಹೊರಗಾಗಿದ್ದೀನಿ. ಎಲ್ಲಾರೂ ಕೇಳಿಸ್ಕೊಳ್ಳಿ!"

ಏರಿಯ ಮೇಲಿದ್ದವರು ಹಿಂದೆ ಸರಿದರು. ಕದಿರಪ್ಪನ ಮುಖ ಕೆಂಪಡರಿತು. "ವದ್ದು ಪೆದ್ದಪ್ಪಾ, ಹತ್ತಬೇಡ! ಈ ಸಲ ಕಾಲಲ್ಲ, ಪ್ರಾಣಾನೇ ಹೋಗುತ್ತೆ!"

ದೋಣಿಯ ಪಕ್ಕ ನಿಂತಿದ್ದ ಪೆದ್ದಪ್ಪ ತನ್ನ ಸುಟ್ಟ ಕಾಲನ್ನು ನೋಡಿಕೊಂಡ. ಅವನಿಗೆ ಭಯವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ. ಆಂಜಿನಮ್ಮ ಟ್ಯಾಂಕಿನ ಮೇಲಿನ ಹಲಗೆ ಮುಚ್ಚಿ, ಸರಿಯಾಗಿ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹೋದ್ರೆ ಮೊದಲು ನಾನು ಹೋಗ್ತೀನಿ. ಬಾ ಅಣ್ಣ, ಎಂಜಿನ್ ಹಗ್ಗ ಎಳಿ."

ಪೆದ್ದಪ್ಪ ಪಂಚೆ ಎತ್ತಿ ಕಟ್ಟಿ ದೋಣಿ ಹತ್ತಿದ. ಎಂಜಿನ್ನು ಎರಡು ಸಲ ಕೆಮ್ಮಿ ಶುರುವಾಯಿತು. ಏರಿಯ ಮೇಲೆ ಕದಿರಪ್ಪ ಏನೋ ಕೂಗುತ್ತಿದ್ದ, ಆ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ನಡುನೀರಿಗೆ ಬಂದಾಗ ಆಂಜಿನಮ್ಮ ಪಕ್ಕಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕೈವರೆಗೆ, ಹೊರಗಾದವರು ಮುಟ್ಟಬಾರದ ಊರಿನ ಕೆರೆಯಲ್ಲಿ ಅದ್ದಿದಳು.