ಸನ್ಮಾನಕ್ಕೆ ಸಿಕ್ಕ ಕೈಗಳು

ಒಂದು ಊರಿನ ದೊರೆಗೆ ಸನ್ಮಾನ ಮಾಡುವ ಹುಚ್ಚು. ಜರಡಿ, ಸೌಟು, ಸಿಂಬೆಗಳನ್ನು ಮೊದಲು ಮಾಡಿದವರನ್ನು ಜನ ಮರೆತೇಬಿಟ್ಟರಲ್ಲ ಎಂದು ನಿಜವಾಗಿಯೂ ನೊಂದು, ಅವನೊಂದು ಹುಡುಕಾಟ ಹೂಡಿದ. ವರ್ಷಕ್ಕೊಂದು ವಸ್ತು ಆರಿಸಿ, ಅದು ಹುಟ್ಟಿದ ಓಣಿಯನ್ನು ಪಂಡಿತರು ವಿಚಾರಿಸಿ ತಿಳಿದು, ಅಲ್ಲೊಂದು ಪೆಟ್ಟಿಗೆ ಬಚ್ಚಿಟ್ಟು, ಊರಿಗೆಲ್ಲ ಸುಳಿವು ಸಾರುತ್ತಿದ್ದರು. ಪೆಟ್ಟಿಗೆಯೊಳಗೆ ಆ ವಸ್ತುವಿನ ಚಿತ್ರ ಕೊರೆದ ಮರದ ಅಚ್ಚು. ಸಿಕ್ಕವರು ಅದನ್ನು ಶಾಯಿಯಲ್ಲದ್ದಿ ತಮ್ಮ ಅಂಗವಸ್ತ್ರಕ್ಕೆ ಒತ್ತಿಕೊಂಡು, ವಸ್ತುವನ್ನು ಮೊದಲು ಮಾಡಿದವರು ಯಾರೆಂದು ಪತ್ತೆಹಚ್ಚಿ ಅರಮನೆಗೆ ತಿಳಿಸಬೇಕು.

ಸನ್ಮಾನಕ್ಕೊಂದು ನಿಯಮವಿತ್ತು. ಶಾಲು ಹೊದ್ದವರ ಕೈ ಪೂಜ್ಯ. ಅದು ಮುಂದೆ ಯಾವ ಕೆಲಸವನ್ನೂ ಮುಟ್ಟಕೂಡದು. ಪಾತ್ರೆ ಉರುಳದಂತೆ ಅಡಿಗಿಡುವ ಹುಲ್ಲಿನ ಸಿಂಬೆಯನ್ನು ಮೊದಲು ಸುತ್ತಿದ ಮುದುಕ ಈರಣ್ಣ ಹೋದ ವರ್ಷ ಹೀಗೆ ಸಿಕ್ಕಿಬಿದ್ದ. ಅಂದಿನಿಂದ ಅರಮನೆಯ ಸನ್ಮಾನ ಮಂಟಪವೇ ಅವನ ಮನೆ. ಬೆರಳು ಸುಮ್ಮನಿರದೆ ಶಾಲಿನ ಅಂಚನ್ನೇ ಸಿಂಬೆಯಂತೆ ಸುತ್ತುತ್ತಿತ್ತು. ಕಾವಲಿನವರು ವಿನಯದಿಂದ ಬಿಚ್ಚುತ್ತಿದ್ದರು. ಪಾಪ ಎನ್ನುವಂತೆಯೂ ಇಲ್ಲ, ಅದು ಗೌರವ ನೋಡಿ.

ಅವನ ನೆರೆಮನೆಯ ಹೊನ್ನಕ್ಕನಿಗೆ ತನ್ನ ಸರದಿಯೂ ಬಂದೀತೆಂಬ ಹೆದರಿಕೆ. ಬಿಸಿ ಪಾತ್ರೆ ಹಿಡಿಯುವ ಇಕ್ಕಳವನ್ನು ಮೊದಲು ಮಾಡಿಸಿದವಳು ಅವಳೇ. ಅಡುಗೆಯಲ್ಲೇ ಅವಳ ಸುಖವಿತ್ತು. ಒಲೆಯ ಮುಂದಿನಿಂದ ಎಬ್ಬಿಸಿದರೆ ಅವಳು ಬದುಕುವಂತಿರಲಿಲ್ಲ.

ಈ ವರ್ಷದ ಸುಳಿವು, "ಬೆಂಕಿಗೆ ಹೆದರದ ಎರಡು ಬೆರಳು." ಜನ ಅವಳ ಓಣಿಗೇ ನುಗ್ಗಿದರು. ಪೆಟ್ಟಿಗೆ ಇದ್ದದ್ದು ಓಣಿಯವರೆಲ್ಲ ನೀರು ಕಾಯಿಸುವ ಒಲೆಯ ಹಿಂದಿನ ಗೂಡಿನಲ್ಲಿ. ಒಲೆ ಉರಿಯುತ್ತಿತ್ತು, ಕೈ ಹಾಕಿದವರೆಲ್ಲ ಸುಟ್ಟುಕೊಂಡರು. ಹೊನ್ನಕ್ಕನಿಗೆ ನೋಡಲಾಗಲಿಲ್ಲ. ಇಕ್ಕಳ ತಂದು ಪೆಟ್ಟಿಗೆಯನ್ನು ಎಳೆದುಕೊಟ್ಟಳು. ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು.

ಗುಂಪಿನ ಮುಂದಾಳು ಇಕ್ಕಳದ ಅಚ್ಚು ಒತ್ತಿಕೊಳ್ಳುತ್ತ ಕೇಳಿದ: "ಇದನ್ನ ಮೊದಲು ಮಾಡಿದ್ದು ಯಾರು ಅಂತ ಗೊತ್ತಾ ಅಜ್ಜಿ?"

"ನಮ್ಮಂಥವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕಪ್ಪಾ? ದೊರೆಗಳೇ ಮಾಡಿರಬೇಕು," ಎಂದಳು ಹೊನ್ನಕ್ಕ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಮುಂದಾಳಿನ ಮುಖ ಅರಳಿತು. "ಹೌದಲ್ಲ! ನಮಗೆ ಹೊಳೀಲೇ ಇಲ್ಲ."

ಅರಮನೆಯಲ್ಲಿ ಯಾರು ತಾನೆ ಅಲ್ಲವೆಂದಾರು? ದೊರೆ ಮೊದಲು ಛೇ ಛೇ ಎಂದ. ಇನ್ನೊಮ್ಮೆ ಹೇಳಿದಾಗ ಅವನಿಗೂ ಏನೋ ನೆನಪಾದಂತಾಯಿತು. ಶಾಲು ಹೊದಿಸಿ ಮಂಟಪದಲ್ಲಿ ಕೂರಿಸಿದರು. ದೊರೆಯ ಸಾಲಿನಲ್ಲಿ ಕಂಡಕಂಡವರು ಕೂರುವುದು ಸರಿಯಲ್ಲವೆಂದು, ಉಳಿದವರ ಶಾಲು ಕಳಚಿಸಿಕೊಂಡು ಮನೆಗೆ ಅಟ್ಟಿದರು.

ಮರುದಿನ ಮಂತ್ರಿ ಹೊಸ ಕಂದಾಯದ ಆಜ್ಞೆ ತಂದ. ಉಂಗುರದ ಮುದ್ರೆಯೊತ್ತಲು ದೊರೆ ಕೈ ಚಾಚಿದ. ಕಾವಲಿನವರು ವಿನಯದಿಂದ ಆ ಕೈಯನ್ನು ಶಾಲಿನೊಳಗೆ ಸೇರಿಸಿದರು.

ಸಂಜೆ ಈರಣ್ಣ ಮಂಟಪದ ಕಡೆಯಿಂದ ಹೊಸದೊಂದು ಸಿಂಬೆ ಹಿಡಿದು ಹೊನ್ನಕ್ಕನ ಮನೆಗೆ ಬಂದ. ಅವಳು ಇಕ್ಕಳದಿಂದ ಸಾರಿನ ಪಾತ್ರೆ ಇಳಿಸಿ ಅದರ ಮೇಲಿಟ್ಟಳು.

"ದೊರೆಗಳು ಹೇಗಿದ್ದಾರೆ ಈರಣ್ಣಾ?"

"ಉಂಗುರದ ಬೆರಳನ್ನ ಶಾಲಿಗೆ ಒತ್ತುತ್ತಾ ಕೂತವ್ರೆ."

"ಒತ್ತಲಿ ಬಿಡು," ಎಂದು ಹೊನ್ನಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.